ರೋಲರ್ ಎತ್ತುವ ಮುನ್ನ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಹರಿದಾಗ ಮುಧೋಳ ತಾಲ್ಲೂಕಿನ ನಮ್ಮ ಸಕ್ಕರೆ ಕಾರ್ಖಾನೆಯ ಉಗ್ರಾಣಕ್ಕೆ ನೀರು ನುಗ್ಗಿತು. ಕಬ್ಬು ಅರೆಯುವ ಮಿಲ್ ಹೌಸ್ ಎತ್ತರದಲ್ಲಿದ್ದುದರಿಂದ ಉಳಿಯಿತು. ನೀರು ಇಳಿದು ಐದಾರು ದಿನಗಳಾದ ಮೇಲೆ ಉಗ್ರಾಣದ ಬಾಗಿಲು ತೆಗೆಸಿದೆವು. ಎತ್ತುವ ಸಾಮಾನುಗಳನ್ನು ಇಡುತ್ತಿದ್ದ ಕೋಣೆಯಲ್ಲಿ ಮೊಳಕಾಲು ಮುಳುಗುವಷ್ಟು ಕಪ್ಪು ರಾಡಿ ತುಂಬಿತ್ತು. ಭಾರಕ್ಕೆ ಕಟ್ಟುವ ಉಕ್ಕಿನ ತಂತಿಹಗ್ಗ (ವೈರ್ ರೋಪ್ ಸ್ಲಿಂಗ್), ನೇಯ್ದ ಬೆಲ್ಟ್, ಪಿನ್ನು ಹಾಕಿ ಮುಚ್ಚುವ U ಆಕಾರದ ಶ್ಯಾಕಲ್, ಸರಪಳಿ ಎಳೆದು ಭಾರ ಎತ್ತುವ ಚೈನ್ ಬ್ಲಾಕ್, ಯಾವುದು ಯಾವುದೆಂದು ಗುರುತು ಸಿಗದಂತೆ ಬಹುತೇಕ ಎಲ್ಲಕ್ಕೂ ಒಂದೇ ಬಣ್ಣ ಬಂದಿತ್ತು.

ಕಬ್ಬು ನುರಿಸುವ ಹಂಗಾಮಿಗೆ ಎರಡು ತಿಂಗಳು ಬಾಕಿಯಿತ್ತು. ಅಷ್ಟರಲ್ಲಿ ಮೂರನೆಯ ಮಿಲ್ಲಿನಲ್ಲಿ ಕಬ್ಬು ಹಿಂಡುವ ಉರುಳೆಗಳಲ್ಲಿ ಮೇಲಿನದನ್ನು, ಅಂದರೆ ಮೇಲಿನ ರೋಲರನ್ನು, ಹೊರತೆಗೆದು ಇನ್ನೊಂದನ್ನು ಕೂರಿಸಬೇಕಿತ್ತು. ಮಿಲ್ ಹೌಸಿನ ದುರಸ್ತಿಯ ಹೊಣೆ ನನ್ನದು. ‘ತೊಳೆದು, ಗ್ರೀಸ್ ಹಚ್ಚಿ ಕೆಲಸ ಶುರು ಮಾಡಿ’ ಎಂಬ ಮಾತು ಮೇಲಿನಿಂದ ಬಂತು. 25 ಟನ್ನಿನ ಕ್ರೇನ್ ಸುಸ್ಥಿತಿಯಲ್ಲಿದೆ, ಇನ್ನೇನು ಬೇಕು ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ನಾನು ಒಪ್ಪಲಿಲ್ಲ. ಕ್ರೇನ್ ಎಷ್ಟು ಟನ್ನಿನದಾದರೂ ಭಾರವನ್ನು ಹೊರುವುದು ಅದರ ಕೊಕ್ಕೆಗೆ ತಗುಲಿಸಿದ ಸಾಮಾನು. ವರ್ಷಕ್ಕೊಮ್ಮೆ ಕ್ರೇನಿಗೆ ಪೂಜೆಯಾಗುತ್ತದೆ, ಬ್ರೇಕಿಗೆ ಹೊಸ ಲೈನಿಂಗ್ ಬರುತ್ತದೆ. ಸ್ಲಿಂಗುಗಳು ಮಾತ್ರ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ.

ನನ್ನ ಈ ಹಟಕ್ಕೆ ಹಿಂದಿನ ಒಂದು ಘಟನೆ ಕಾರಣ. ಬೇರೊಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಗೇರ್‌ಬಾಕ್ಸಿನ ಮೇಲ್ಮುಚ್ಚಳವನ್ನು ಎತ್ತುತ್ತಿದ್ದೆವು. ನಾಲ್ಕು ಮೂಲೆಗೆ ತಲೆಯಲ್ಲಿ ಬಳೆಯಿರುವ ನಾಲ್ಕು ಐ-ಬೋಲ್ಟ್, ಅವುಗಳಿಗೆ ಗಿಡ್ಡ ಸ್ಲಿಂಗುಗಳು. ನೇರವಾಗಿ ಮೇಲಕ್ಕೆ ಎಳೆದಿದ್ದರೆ ಆ ಬೋಲ್ಟುಗಳು ಮುಚ್ಚಳದ ಎರಡರಷ್ಟು ಭಾರ ತಾಳುತ್ತಿದ್ದವು. ಸ್ಲಿಂಗ್ ಗಿಡ್ಡವಾಗಿದ್ದುದರಿಂದ ಎಳೆತ ಅಡ್ಡಡ್ಡ ಬಿತ್ತು. ಒಂದು ಬೋಲ್ಟ್ ಬಾಗಿ, ಕತ್ತಿನಲ್ಲೇ ಮುರಿಯಿತು. ಮುಚ್ಚಳ ವಾಲಿ ಪಕ್ಕದಲ್ಲಿದ್ದ ಫಿಟ್ಟರ್‌ನ ಪಾದದ ಮೇಲೆ ಬಿತ್ತು. ಎರಡು ಬೆರಳು ಹೋದವು. ಐ-ಬೋಲ್ಟನ್ನು 45 ಡಿಗ್ರಿ ಓರೆಯಾಗಿ ಎಳೆದರೆ ಅದರ ತಾಳಿಕೆ ಮೂರನೆಯ ಒಂದು ಪಾಲಿಗೂ ಕಡಿಮೆಯಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಫಿಟ್ಟರ್‌ಗೂ ಹೇಳಿರಲಿಲ್ಲ. ಓರೆ ಎಳೆತ ಬರುವ ಕಡೆ ಬೇಕಾದ ದಿಕ್ಕಿಗೆ ತಿರುಗುವ ಸ್ವಿವೆಲ್ ರಿಂಗ್ ಹಾಕಬೇಕೆಂಬುದನ್ನು ನಾನು ತಿಳಿದುಕೊಂಡದ್ದು ಆಸ್ಪತ್ರೆಯಿಂದ ಮರಳಿದ ಮೇಲೆ.

ನಮ್ಮಲ್ಲಿ ಭಾರ ಎತ್ತುವ ಕೆಲಸದವರನ್ನು ಖಲಾಸಿ ಎನ್ನುತ್ತಾರೆ. ಅವರಲ್ಲಿ ಎಲ್ಲರಿಗಿಂತ ಹಿರಿಯರನ್ನು ಕಾರ್ಖಾನೆಯೆಲ್ಲ ಕಾಕಾ ಎಂದು ಕರೆಯುತ್ತಿತ್ತು, ನಾನೂ ಕೂಡ. ಅವರನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಎಲ್ಲ ಸಾಮಾನನ್ನು ಅಂಗಳಕ್ಕೆ ತರಿಸಿದೆ. ನೀರು ಹೊಡೆದು ತೊಳೆದು, ತಾಡಪತ್ರಿಯ ಮೇಲೆ ಸಾಲಾಗಿ ಹಾಸಿದೆವು. ಆಮೇಲೆ ಮೂರು ದಿನ ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದೆವು.

ವೈರ್ ರೋಪಿನಿಂದ ಆರಂಭಿಸಿದೆವು. ಕಾಕಾ ಹತ್ತಿಯ ಬಟ್ಟೆಯನ್ನು ಹಗ್ಗಕ್ಕೆ ಸುತ್ತಿ ತುದಿಯಿಂದ ತುದಿಗೆ ಎಳೆದರು. ತುಂಡಾದ ತಂತಿ ಎಲ್ಲಿದೆಯೋ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ನೋಡಹೋದರೆ ಅಂಗೈಯೇ ಸಿಗಿಯುತ್ತದೆ. ಸಿಕ್ಕಿಕೊಂಡಲ್ಲಿ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದೆವು. ಒಂದು ಎಳೆ ಹಗ್ಗವನ್ನು ಪೂರ್ತಿ ಒಂದು ಸುತ್ತು ಸುತ್ತಿ ಬರುವಷ್ಟು ಉದ್ದವನ್ನು ‘ಲೇ’ ಎನ್ನುತ್ತಾರೆ. ಆ ಉದ್ದದೊಳಗೆ ಅಲ್ಲಲ್ಲಿ ಹತ್ತು ತಂತಿ, ಇಲ್ಲವೇ ಒಂದೇ ಎಳೆಯಲ್ಲಿ ಐದು ತಂತಿ ತುಂಡಾಗಿದ್ದರೆ ಆ ಸ್ಲಿಂಗ್ ಕೆಲಸಕ್ಕೆ ಬಾರದು. ಈ ಪರೀಕ್ಷೆಯಲ್ಲಿ ಬಹಳಷ್ಟು ಹಗ್ಗಗಳು ಪಾಸಾದವು. ಆದರೆ ಅವುಗಳ ನಡುವೆ ನಾರಿನ ತಿರುಳಿತ್ತು. ಮರದ ಹಿಡಿಯ ಮೊನೆಗೂಟವನ್ನು ಎಳೆಗಳ ನಡುವೆ ತೂರಿಸಿ ಕಾಕಾ ಮೆಲ್ಲನೆ ಅಗಲಿಸಿದರು. ಒಳಗಿನಿಂದ ಕೆಂಪು ಪುಡಿ ಸುರಿಯಿತು, ಅಂಗಡಿಯ ಕುಂಕುಮದಷ್ಟು ನಯವಾದ ಪುಡಿ. ಮೇಲ್ಮೈ ಗ್ರೀಸಿನಿಂದ ಹೊಳೆಯುತ್ತಿತ್ತು, ತಿರುಳು ನೀರು ಕುಡಿದು ತಂತಿಯನ್ನು ಒಳಗಿನಿಂದ ತಿಂದಿತ್ತು.

“ಸಾಹೇಬರೇ, ಇದನ್ನು ತೊಳೆದು ಗ್ರೀಸ್ ಹಚ್ಚಿದ್ದರೆ ನಮ್ಮ ಕಣ್ಣಿಗೆ ನಾವೇ ಮಣ್ಣು ಹಾಕಿಕೊಂಡಂತಾಗುತ್ತಿತ್ತು” ಎಂದರು ಕಾಕಾ. ನಾರಿನ ತಿರುಳಿದ್ದ ಹನ್ನೊಂದು ಸ್ಲಿಂಗುಗಳಲ್ಲಿ ಎರಡು ಮಾತ್ರ ಉಳಿದವು. ಅವು ಗೋಡೆಯ ಮೇಲಿನ ಗೂಟದಲ್ಲಿ ನೀರಿಗೆ ಸಿಗದಂತಿದ್ದವು.

ಬೆಲ್ಟುಗಳ ತೀರ್ಮಾನ ಬೇಗ ಆಯಿತು. ಪಾಲಿಯೆಸ್ಟರ್ ಬೆಲ್ಟಿಗೆ ನೀರಿನಿಂದ ಹೆಚ್ಚಿನ ಹಾನಿಯಿಲ್ಲ. ನೇಯ್ಗೆಯೊಳಗೆ ಸೇರಿದ ಸಣ್ಣ ಮರಳು ಭಾರ ಬಿದ್ದಾಗಲೆಲ್ಲ ದಾರವನ್ನು ಕೊಯ್ಯುತ್ತದೆ, ಅಪಾಯ ಅದರಿಂದ. ಬೆಲ್ಟಿನ ಬಣ್ಣವೇ ಅದರ ಸಾಮರ್ಥ್ಯವನ್ನು ಹೇಳುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5, ಕಂದು 6, ನೀಲಿ 8, ಕಿತ್ತಳೆ 10. ಆದರೂ ಬಣ್ಣವೊಂದನ್ನೇ ನಂಬಬಾರದು, ಹೊಲಿದ ಚೀಟಿಯಲ್ಲಿ ಸಾಮರ್ಥ್ಯ, ಉದ್ದ, ಕ್ರಮಸಂಖ್ಯೆ ಓದುವಂತಿರಬೇಕು. ಚೀಟಿ ಹರಿದುಹೋದ ಬೆಲ್ಟ್ ಎಷ್ಟೇ ಹೊಸದಾಗಿ ಕಂಡರೂ ನಾನು ಒಪ್ಪುವುದಿಲ್ಲ. ನಮ್ಮವುಗಳಲ್ಲಿ ಅರ್ಧಕ್ಕೆ ಚೀಟಿಯೇ ಇರಲಿಲ್ಲ. ಎರಡಕ್ಕೆ ಯಾರೋ ಗಂಟು ಹಾಕಿ ಉದ್ದ ಕಡಿಮೆ ಮಾಡಿದ್ದರು.

ಸರಪಳಿ ಗಟ್ಟಿ ಜೀವ. ತೊಳೆದು, ಒರೆಸಿ, ಕೊಂಡಿ ಕೊಂಡಿಯನ್ನೂ ನೋಡಿದೆವು. ಭಾರ ಎತ್ತುವ ಮಿಶ್ರಲೋಹದ ಸರಪಳಿಯ ಕೊಂಡಿಯಲ್ಲಿ 8 ಅಥವಾ 80 ಎಂಬ ಅಚ್ಚು ಇರುತ್ತದೆ. ಅಂಥ 10 ಮಿಲಿಮೀಟರ್ ಸರಪಳಿಯ ಒಂದೇ ಎಳೆ 3.15 ಟನ್ ಎತ್ತುತ್ತದೆ. ಅಚ್ಚಿಲ್ಲದ ಪೇಟೆಯ ಸರಪಳಿ ಗೇಟು ಕಟ್ಟುವುದಕ್ಕೆ ಸರಿ, ಎತ್ತುವುದಕ್ಕಲ್ಲ. ಕೊಂಡಿಗೆ ಕೊಂಡಿ ಉಜ್ಜುವ ಜಾಗದಲ್ಲಿ ವರ್ನಿಯರ್ ಹಿಡಿದು ಅಳೆದೆ. 10 ಮಿಲಿಮೀಟರ್ 9ಕ್ಕೆ ಇಳಿದಿದ್ದರೆ ಅದರ ಆಯುಷ್ಯ ಮುಗಿದಂತೆ. ಒಂದು ಸರಪಳಿ 9.6ರಲ್ಲಿ ನಿಂತಿತು, ಉಳಿಸಿಕೊಂಡೆವು.

ಶ್ಯಾಕಲ್‌ಗಳ ರಾಶಿ ನನಗೆ ಬಹಳ ಸಿಟ್ಟು ತರಿಸಿತು. ದೇಹ ಒಂದು ಕಂಪನಿಯದು, ಪಿನ್ನು ಇನ್ನೊಂದರದು. ನಾಲ್ಕರಲ್ಲಿ ಪಿನ್ನಿನ ಬದಲು ಮಾಮೂಲಿ ಬೋಲ್ಟ್ ತೂರಿಸಿದ್ದರು. ಶ್ಯಾಕಲ್ ಪಿನ್ ಗಟ್ಟಿಗೊಳಿಸಿದ ಉಕ್ಕು, ಅಂಗಡಿಯ ಬೋಲ್ಟ್ ಮೆತ್ತನೆಯ ಉಕ್ಕು. ದಪ್ಪ ಒಂದೇ ಆದ ಮಾತ್ರಕ್ಕೆ ಬಲ ಒಂದೇ ಆಗುವುದಿಲ್ಲ. ಅವನ್ನು ಯಾರು ತೂರಿಸಿದರೆಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಅಂದು ಸಂಜೆಯೇ ಗ್ರೈಂಡರ್ ತರಿಸಿ ಆ ನಾಲ್ಕನ್ನೂ ನನ್ನೆದುರಿಗೇ ಎರಡು ತುಂಡು ಮಾಡಿಸಿದೆ.

ಕೆಲಸಕ್ಕೆ ಬಾರದೆಂದು ಬಿಟ್ಟ ಸಾಮಾನನ್ನೆಲ್ಲ ಕತ್ತರಿಸಿಯೇ ಗುಜರಿಗೆ ಹಾಕಬೇಕು ಎಂದಾಗ ಉಗ್ರಾಣದವರು ಮುಖ ಸಣ್ಣದು ಮಾಡಿಕೊಂಡರು. “ಬೆಲ್ಟ್ ಇರಲಿ ಬಿಡಿ ಸಾಹೇಬರೇ, ಎರೆಹೊಲದಲ್ಲಿ ಸಿಕ್ಕಿಬಿದ್ದ ಕಬ್ಬಿನ ಟ್ರ್ಯಾಕ್ಟರ್ ಎಳೆಯುವುದಕ್ಕಾದರೂ ಬರುತ್ತದೆ” ಎಂದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ಪ್ರವಾಹದಲ್ಲಿ ಅವರ ಮನೆಯ ದವಸಧಾನ್ಯವೂ ಹೋಗಿತ್ತು, ಏನನ್ನೂ ಎಸೆಯಲು ಕೈ ಬರದ ಕಾಲ ಅದು. ಆದರೆ ಟ್ರ್ಯಾಕ್ಟರ್ ಎಳೆದ ಬೆಲ್ಟ್ ಒಂದು ದಿನ ಮತ್ತೆ ಕ್ರೇನಿನ ಕೊಕ್ಕೆಗೆ ಬರುತ್ತದೆ. ಎಳೆಯುವಾಗ ಹರಿದರೂ ಚಾಟಿಯಂತೆ ಹಿಂದಕ್ಕೆ ಬಂದು ಬಡಿಯುತ್ತದೆ. ಕತ್ತರಿಸಿಯೇ ಹಾಕಿದೆವು.

ಇನ್ನು ಕೊಳ್ಳುವ ಮಾತು. ಏನು ಕೊಳ್ಳಬೇಕೆಂದು ಗೊತ್ತಾಗಬೇಕಾದರೆ ಏನು ಎತ್ತುತ್ತೇವೆ, ಅದರ ತೂಕ ಎಷ್ಟು ಎಂಬುದು ಮೊದಲು ಗೊತ್ತಾಗಬೇಕು. ‘ರೋಲರ್ 16 ಟನ್’ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ನಕಾಶೆ ತೆಗೆದು ನೋಡಿದರೆ ಅದು ನಡುವಿನ ದಂಡ (ಶಾಫ್ಟ್) ಮತ್ತು ಅದರ ಮೇಲಿನ ದಪ್ಪ ಹೊದಿಕೆ (ಶೆಲ್) ಮಾತ್ರದ ತೂಕ. ಒಂದು ತುದಿಗೆ ಕೂರಿಸಿದ ಹಲ್ಲಿನ ಚಕ್ರ, ಅಂದರೆ ಕ್ರೌನ್ ಪಿನಿಯನ್, 1.8 ಟನ್ ಬೇರೆ. ಒಟ್ಟು 17.8 ಟನ್. ಇಷ್ಟು ವರ್ಷ ಆ 1.8 ಟನ್ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಹಳೆಯ ಪದ್ಧತಿ ಹೀಗಿತ್ತು: ಬೇರಿಂಗಿನಲ್ಲಿ ಕೂರುವ ಶಾಫ್ಟಿನ ಎರಡು ನಯ ಭಾಗಗಳಾದ ಜರ್ನಲ್‌ಗಳಿಗೆ ಒಂದೊಂದು 12 ಟನ್ನಿನ ವೈರ್ ರೋಪ್ ಹಾಕಿ ಎರಡನ್ನೂ ಒಂದೇ ಕೊಕ್ಕೆಗೆ ಏರಿಸುವುದು. ಹನ್ನೆರಡೆರಡಲೆ ಇಪ್ಪತ್ತನಾಲ್ಕು, ಧಾರಾಳವಾಯಿತು ಎಂಬ ಸಮಾಧಾನ. ಜರ್ನಲ್‌ಗಳ ನಡುವಿನ ಅಂತರ 2.8 ಮೀಟರ್. ಛಾವಣಿ ತಗ್ಗಾದ್ದರಿಂದ ಶಾಫ್ಟಿನಿಂದ ಕೊಕ್ಕೆಯವರೆಗೆ ಸಿಗುವ ಎತ್ತರ 1.4 ಮೀಟರ್. ಅಂದರೆ ಹಗ್ಗ 45 ಡಿಗ್ರಿಯಲ್ಲಿ ಓರೆಯಾಗಿ ನಿಲ್ಲುತ್ತದೆ. ಆ ಕೋನದಲ್ಲಿ 24 ಟನ್ನಿನ ಜೋಡಿ ಎತ್ತಬಲ್ಲದ್ದು 17 ಟನ್ ಮಾತ್ರ. ನಾವು ಎತ್ತುತ್ತಿದ್ದದ್ದು 17.8. ಸಾಲದೆಂಬಂತೆ ಹಗ್ಗ ಶೆಲ್ಲಿನ ಚೂಪು ಅಂಚಿಗೆ ಒತ್ತುತ್ತಿತ್ತು. ಅಲ್ಲಿಗೆ ಗೋಣಿಚೀಲ ತುರುಕುತ್ತಿದ್ದರು.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಕಾಕಾಗೆ ನಂಬಿಕೆ ಬರಲಿಲ್ಲ. “ಭಾರ ಅಷ್ಟೇ ಇರುವಾಗ ಹಗ್ಗಕ್ಕೆ ಹೆಚ್ಚು ಎಲ್ಲಿಂದ ಬರುತ್ತದೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸಂತೆಯಲ್ಲಿ ಬಳಸುವಂಥ ಎರಡು ಸ್ಪ್ರಿಂಗ್ ತಕ್ಕಡಿಗಳನ್ನೂ ಹತ್ತು ಕಿಲೋದ ಒಂದು ತೂಕದ ಕಲ್ಲನ್ನೂ ತರಿಸಿದೆ. ಎರಡು ತಕ್ಕಡಿಗಳನ್ನು ಅಕ್ಕಪಕ್ಕ ನೇರವಾಗಿ ನೇತುಹಾಕಿ ಕಲ್ಲು ತೂಗುಬಿಟ್ಟಾಗ ಒಂದೊಂದೂ 5 ತೋರಿಸಿತು. ಇಬ್ಬರು ಹುಡುಗರು ತಕ್ಕಡಿಗಳನ್ನು ಹಿಡಿದು ನಿಧಾನವಾಗಿ ದೂರ ಸರಿದರು. 45 ಡಿಗ್ರಿಗೆ ಬಂದಾಗ ಎರಡರ ಮುಳ್ಳೂ 7 ದಾಟಿತು. ಇನ್ನೂ ಸರಿದು ದಾರ ನೆಲಕ್ಕೆ 30 ಡಿಗ್ರಿಯಾದಾಗ ಒಂದೊಂದು ತಕ್ಕಡಿಯೂ ಪೂರ್ತಿ 10 ತೋರಿಸಿತು. ಹುಡುಗರ ತೋಳು ನಡುಗುತ್ತಿತ್ತು. ಕಾಕಾ ಬಗ್ಗಿ ಎರಡೂ ಮುಳ್ಳುಗಳನ್ನು ನೋಡಿದರು, ಕಲ್ಲನ್ನು ಬಿಚ್ಚಿ ಕೈಯಲ್ಲಿ ತೂಗಿ ನೋಡಿದರು, ಮತ್ತೆ ಕಟ್ಟಿಸಿ ಇನ್ನೊಮ್ಮೆ ಮಾಡಿಸಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. “ಮೂವತ್ತು ವರ್ಷ ಹುಡುಗರನ್ನು ಆ ಹಗ್ಗದ ಪಕ್ಕದಲ್ಲೇ ನಿಲ್ಲಿಸಿದ್ದೇನೆ” ಎಂದರು ಕೊನೆಗೆ.

ಹಗ್ಗ ನೇರ ನಿಲ್ಲಬೇಕಾದರೆ ನಡುವೆ ತೊಲೆ ಬೇಕು. ತೊಲೆಯಲ್ಲಿ ಎರಡು ಬಗೆ. ಸ್ಪ್ರೆಡರ್ ಬೀಮ್ ಎಂಬುದನ್ನು ಮೇಲಿನಿಂದ ಎರಡು ಓರೆ ಹಗ್ಗಗಳು ಹಿಡಿದಿರುತ್ತವೆ. ಅದು ಹಗುರ, ಆದರೆ ಆ ಓರೆ ಹಗ್ಗಗಳಿಗೆ ಎತ್ತರ ಬೇಕು. 60 ಡಿಗ್ರಿ ಇಟ್ಟುಕೊಂಡರೂ ನಮಗೆ ತೊಲೆಯ ಮೇಲೆ ಇನ್ನೂ 2.4 ಮೀಟರ್ ಬೇಕಾಗುತ್ತಿತ್ತು, ಅದು ಆಗದ ಮಾತು. ಲಿಫ್ಟಿಂಗ್ ಬೀಮ್ ಎಂಬುದು ನಡುವೆ ರಂಧ್ರವಿರುವ ಕಿವಿಯಂಥ ಲಗ್‌ನಿಂದ ನೇರ ಕೊಕ್ಕೆಗೆ ತೂಗುತ್ತದೆ. ಬಾಗುವ ಒತ್ತಡವನ್ನೆಲ್ಲ ತಾನೇ ತಾಳಬೇಕಾದ್ದರಿಂದ ದಪ್ಪಗಿರುತ್ತದೆ, ಭಾರವೂ ಹೆಚ್ಚು, ಆದರೆ ಎತ್ತರ ಕಡಿಮೆ ಸಾಕು. ಎರಡನೆಯದನ್ನು ಆರಿಸಿದೆ. 20 ಟನ್ ಸಾಮರ್ಥ್ಯ, ತೊಲೆಯ ಸ್ವಂತ ತೂಕ 1.2 ಟನ್. ರೋಲರ್ ಜೊತೆ ಕೂಡಿಸಿದರೆ ಕ್ರೇನಿನ ಕೊಕ್ಕೆಗೆ 19 ಟನ್, ಶ್ಯಾಕಲ್ ಬೆಲ್ಟುಗಳ ಅಷ್ಟಿಷ್ಟು ಬೇರೆ. 25ರೊಳಗೆ ನೆಮ್ಮದಿಯಾಗಿ ಕೂರುತ್ತದೆ.

ತೊಲೆ ಮಾಡಿಸಲು ಬೆಳಗಾವಿಯ ಉದ್ಯಮಬಾಗಕ್ಕೆ ಹೋದೆ. ಎರಕ, ಹೈಡ್ರಾಲಿಕ್ಸ್, ಯಂತ್ರಭಾಗಗಳ ಕೆಲಸಕ್ಕೆ ನಮ್ಮ ಭಾಗದವರೆಲ್ಲ ಹುಡುಕಿಕೊಂಡು ಹೋಗುವ ಜಾಗ. ಅಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತದೆ, ಕೆಲಸ ಮಾತ್ರ ಅಚ್ಚುಕಟ್ಟು. ನಮ್ಮ ವೆಲ್ಡರನ್ನೇ ಕೂರಿಸಿ ಹಳೆಯ ಗರ್ಡರಿನಿಂದ ಮಾಡಿಕೊಳ್ಳಬಹುದಿತ್ತಲ್ಲ, ಖರ್ಚು ಉಳಿಯುತ್ತಿತ್ತು ಎಂದು ಕೆಲವರು ಹೇಳಿದ್ದರು. ಯಾವ ಉಕ್ಕು ಎಂದು ಗೊತ್ತಿಲ್ಲದ, ಲೆಕ್ಕ ಹಾಕದ, ಪರೀಕ್ಷೆಯಾಗದ ತೊಲೆಯ ಕೆಳಗೆ 18 ಟನ್ ನೇತುಹಾಕಲು ನನಗೆ ಮನಸ್ಸಿರಲಿಲ್ಲ.

ಅಲ್ಲಿನ ವಿನ್ಯಾಸದವರು ನಾನು ಮರೆತಿದ್ದ ಒಂದು ಪ್ರಶ್ನೆ ಕೇಳಿದರು: ಪಿನಿಯನ್ ಒಂದೇ ಕಡೆ ಇದ್ದರೆ ಭಾರದ ನಡು ಎಲ್ಲಿ ಬರುತ್ತದೆ? ಕೂತು ಲೆಕ್ಕ ಹಾಕಿದೆವು. ನಡುವಿನಿಂದ 1.9 ಮೀಟರ್ ಆಚೆ ಕೂತ 1.8 ಟನ್ ಪಿನಿಯನ್ ಭಾರಕೇಂದ್ರವನ್ನು ತನ್ನ ಕಡೆಗೆ 19 ಸೆಂಟಿಮೀಟರ್ ಎಳೆದುಕೊಂಡಿತ್ತು. ಹಾಗಾಗಿ ಮೇಲಿನ ಲಗ್‌ನಲ್ಲಿ ಒಂದೇ ರಂಧ್ರದ ಬದಲು 100 ಮಿಲಿಮೀಟರಿಗೊಂದರಂತೆ ಐದು ರಂಧ್ರ ಇಡಿಸಿದೆವು. ಪಿನಿಯನ್ ಕಡೆಯ ಬೆಲ್ಟಿಗೆ 10 ಟನ್ನಿಗೂ ತುಸು ಹೆಚ್ಚು, ಇನ್ನೊಂದು ಕಡೆಗೆ 8 ಟನ್ನಿಗಿಂತ ಕಡಿಮೆ ಭಾರ ಬರುತ್ತದೆ. ಎರಡೂ ಕಡೆ ಕಿತ್ತಳೆ ಬಣ್ಣದ 10 ಟನ್ ಬೆಲ್ಟನ್ನೇ ತೆಗೆದುಕೊಂಡೆವು. ಜರ್ನಲ್‌ನ ಕೆಳಗಿನಿಂದ ತಂದು ಎರಡು ತುದಿಗಳನ್ನೂ ನೇರ ಮೇಲೆ ಕಟ್ಟಿದರೆ ಅದೇ ಬೆಲ್ಟ್ 20 ಟನ್ ತಾಳುತ್ತದೆ, ಉಜ್ಜಿ ನಯ ಮಾಡಿದ ಜರ್ನಲ್‌ಗೆ ಗೀರೂ ಬೀಳುವುದಿಲ್ಲ. ಕೆಳಗಿನ ಶ್ಯಾಕಲ್‌ಗಳು 12 ಟನ್ನಿನವು, ಮೇಲಿನದು 25 ಟನ್ನಿನದು. ಮೂರೂ ನಟ್ ಮತ್ತು ಸೀಳುಪಿನ್ ಇರುವ ಬಗೆಯವು.

ಪರೀಕ್ಷೆಯ ದಿನ ಕಾಕಾರನ್ನೂ ಕರೆದುಕೊಂಡು ಹೋಗಿದ್ದೆ. ಬೆಸುಗೆಗಳಿಗೆ ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿಯ ದ್ರವ ಸಿಂಪಡಿಸಿದರು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಒಂದು ಲಗ್‌ನ ಬುಡದಲ್ಲಿ ಉಗುರಿನಷ್ಟುದ್ದದ ಗೆರೆ ಮೂಡಿಯೇಬಿಟ್ಟಿತು. ಅಷ್ಟು ಭಾಗವನ್ನು ಕೆತ್ತಿ ತೆಗೆದು ಮತ್ತೆ ಬೆಸೆದರು, ಮರುದಿನ ಮತ್ತೆ ಬಣ್ಣ ಹಾಕಿ ನೋಡಿದರು, ಈ ಸಲ ಗೆರೆಯಿರಲಿಲ್ಲ. ಆಮೇಲೆ ಭಾರದ ಪರೀಕ್ಷೆ, ಸಾಮರ್ಥ್ಯದ ಒಂದೂಕಾಲು ಪಟ್ಟು, ಅಂದರೆ 25 ಟನ್. ತೊಲೆಯ ಉದ್ದಕ್ಕೂ ಬಿಗಿಯಾಗಿ ನೂಲು ಕಟ್ಟಿ, ನಡುವೆ ಅಳತೆಪಟ್ಟಿ ಇಟ್ಟರು. ಹೈಡ್ರಾಲಿಕ್ ಜಾಕ್ ಒತ್ತಿದಂತೆ ನಡುಭಾಗ ನೂಲಿನಿಂದ ಐದು ಮಿಲಿಮೀಟರ್ ಸರಿಯಿತು. ಒತ್ತಡ ಬಿಟ್ಟ ಮೇಲೆ ಕಾಕಾ ಕನ್ನಡಕ ಸರಿಮಾಡಿಕೊಂಡು ಅಳತೆಪಟ್ಟಿಯ ಹತ್ತಿರ ಮುಖ ತಂದರು. ಅದು ಮೊದಲಿದ್ದ ಗೆರೆಗೇ ಮರಳಿತ್ತು. ಬಾಗಿದ್ದು ಬಾಗಿದಂತೆಯೇ ಉಳಿದಿದ್ದರೆ ಆ ತೊಲೆಯನ್ನು ಅಲ್ಲೇ ಬಿಟ್ಟು ಬರುತ್ತಿದ್ದೆವು.

ಕಾಗದಪತ್ರದ ಕೆಲಸವನ್ನೂ ನಾನು ತಪ್ಪಿಸಲಿಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೆಯ ಕಲಮು ಕ್ರೇನನ್ನು ಮಾತ್ರ ಹೇಳುತ್ತಿರಲಿಲ್ಲ. ಸರಪಳಿ, ಹಗ್ಗ, ಕೊಕ್ಕೆ, ಶ್ಯಾಕಲ್, ಕ್ಲ್ಯಾಂಪ್ ಎಲ್ಲವನ್ನೂ ಸಮರ್ಥ ವ್ಯಕ್ತಿಯೊಬ್ಬರು ಕನಿಷ್ಠ 12 ತಿಂಗಳಿಗೊಮ್ಮೆ ಕೂಲಂಕಷವಾಗಿ ಪರೀಕ್ಷಿಸಬೇಕು, ಸುರಕ್ಷಿತ ಭಾರವನ್ನೂ ಗುರುತಿನ ಸಂಖ್ಯೆಯನ್ನೂ ಅದರ ಮೇಲೆ ನಮೂದಿಸಬೇಕು, ವಹಿಯಲ್ಲಿ ಬರೆದಿಡಬೇಕು ಎನ್ನುತ್ತಿತ್ತು. ಪ್ರತಿಯೊಂದಕ್ಕೂ ಸಂಖ್ಯೆ ಹಾಕಿದೆವು, ಪ್ರತಿ ಸಂಖ್ಯೆಗೆ ಗೋಡೆಯ ಮೇಲೆ ಒಂದು ಗೂಟ. ಈ ಸಲ ಗೂಟಗಳನ್ನು ಪ್ರವಾಹದ ನೀರಿನ ಗುರುತಿಗಿಂತ ಎರಡು ಅಡಿ ಮೇಲೆ ಹೊಡೆಸಿದೆವು.

ಅಕ್ಟೋಬರ್ ಮೊದಲ ವಾರ ರೋಲರ್ ಎತ್ತುವ ದಿನ ಬಂತು. ಲಾರಿಯಲ್ಲಿ ಬಂದ ತೊಲೆಯನ್ನು ಹೈಡ್ರಾ ಎಂಬ ಗಾಲಿಯ ಕ್ರೇನ್ ಇಳಿಸಿತು. ಆ ಚಾಲಕನಿಗೆ ನಾನು ಹೇಳಿದ್ದು ಎರಡೇ ಮಾತು: ಭಾರವನ್ನು ನೆಲದಿಂದ ಒಂದಡಿಗಿಂತ ಮೇಲೆ ಒಯ್ಯಬೇಡಿ, ತಿರುವಿನಲ್ಲಿ ಆತುರ ಬೇಡ. ನಡು ಮುರಿದು ತಿರುಗುವ ಆ ಕ್ರೇನಿನ ಸಾಮರ್ಥ್ಯ ತಿರುವಿನಲ್ಲಿ ಇಳಿಯುತ್ತದೆ. ತೊಲೆಯನ್ನು ಕೈಯಿಂದ ಹಿಡಿದು ಜೊತೆಯಲ್ಲಿ ನಡೆಯಲು ಬಂದ ಹುಡುಗನಿಗೆ ಕಾಕಾ ಉದ್ದದ ಹಗ್ಗ ಕೊಟ್ಟು ದೂರ ನಿಲ್ಲಿಸಿದರು.

ಮಿಲ್ ಹೌಸಿನಲ್ಲಿ ಸನ್ನೆ ಕೊಡುವುದು ಕಾಕಾ ಒಬ್ಬರೇ ಎಂದು ಮೊದಲೇ ಗೊತ್ತುಮಾಡಿದ್ದೆವು. ‘ನಿಲ್ಲಿಸು’ ಎಂಬ ಸನ್ನೆ ಮಾತ್ರ ಯಾರು ಕೊಟ್ಟರೂ ಕ್ರೇನ್ ನಿಲ್ಲಬೇಕು. ಕ್ರೇನಿನ ಹಳಿಯ ಪಕ್ಕದಲ್ಲಿ ಬಣ್ಣ ಬಳಿಯುತ್ತಿದ್ದ ಇಬ್ಬರನ್ನು ಕೆಳಗಿಳಿಸಿದೆವು. ಹಳಿಯ ಬಳಿ ಜನರಿದ್ದರೆ ಕ್ರೇನ್ ಆರು ಮೀಟರಿಗಿಂತ ಹತ್ತಿರ ಬರದಂತೆ ನೋಡಿಕೊಳ್ಳಬೇಕೆಂದೂ ಅದೇ ಕಲಮು ಹೇಳುತ್ತಿತ್ತು.

ಬೆಲ್ಟ್ ಬಿಗಿಯಾಯಿತು. ಕ್ರೇನ್ ಚಾಲಕ ಬಟನ್ನನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ರೋಲರನ್ನು ಹತ್ತು ಸೆಂಟಿಮೀಟರ್ ಎತ್ತಿದರು. ಪಿನಿಯನ್ ಕಡೆ ಕೆಳಕ್ಕೆ ವಾಲಿತು. ಅವಸರದಲ್ಲಿ ನಾನು ಮೇಲಿನ ಶ್ಯಾಕಲನ್ನು ನಡುವಿನಿಂದ ಮೊದಲ ರಂಧ್ರಕ್ಕೆ ಹಾಕಿಸಿದ್ದೆ, ಹಾಕಬೇಕಾಗಿದ್ದದ್ದು ಎರಡನೆಯದಕ್ಕೆ. ಕಾಕಾ ಮುಷ್ಟಿ ಎತ್ತಿದರು, ಕ್ರೇನ್ ನಿಂತಿತು. “ಒಬ್ಬರು ಆ ತುದಿಗೆ ಭುಜ ಕೊಟ್ಟರೆ ಸರಿಯಾಗುತ್ತದೆ” ಎಂದು ಯಾರೋ ಕೂಗಿದರು. ಕಾಕಾ ತಿರುಗಿಯೂ ನೋಡಲಿಲ್ಲ, ಇಳಿಸುವ ಸನ್ನೆ ಮಾಡಿದರು. ಇಳಿಸಿ, ಶ್ಯಾಕಲ್ ಬಿಚ್ಚಿ, 200 ಮಿಲಿಮೀಟರ್ ಆಚೆಯ ರಂಧ್ರಕ್ಕೆ ಹಾಕಿ, ನಟ್ ಬಿಗಿದು, ಸೀಳುಪಿನ್ನಿನ ಕಾಲುಗಳನ್ನು ಮಡಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಎರಡನೆಯ ಸಲ ರೋಲರ್ ಮಟ್ಟವಾಗಿ ಮೇಲೆದ್ದಿತು. ಹತ್ತು ಸೆಂಟಿಮೀಟರಿನಲ್ಲಿ ನಿಲ್ಲಿಸಿ ಐದು ನಿಮಿಷ ಕಾದೆವು. ಬ್ರೇಕ್ ಜಾರಲಿಲ್ಲ, ಬೆಲ್ಟ್ ಸರಿಯಲಿಲ್ಲ, ಶೆಲ್ಲಿನ ಅಂಚಿಗೂ ಬೆಲ್ಟಿಗೂ ನಡುವೆ ನನ್ನ ನಾಲ್ಕು ಬೆರಳು ಹೋಗುವಷ್ಟು ಜಾಗವಿರುವುದು ದೂರದಿಂದಲೇ ಕಾಣುತ್ತಿತ್ತು. ಆಮೇಲೆ ಮೇಲೆ ಹೋದ ರೋಲರ್ ಮಿಲ್ಲಿನ ಚೌಕಟ್ಟಾದ ಹೆಡ್‌ಸ್ಟಾಕಿನ ಅಂಚನ್ನು ದಾಟಿ, ಖಾಲಿ ಮಾಡಿಸಿದ್ದ ದಾರಿಯ ಮೇಲೆ ಸಾಗಿ, ಮರದ ದಿಮ್ಮಿಗಳ ಮೇಲೆ ಕೂತಿತು.

ಸಂಜೆ ಪಾಳಿ ಮುಗಿದ ಮೇಲೆ ಕೋಣೆಗೆ ಹೋದಾಗ ಕಾಕಾ ಎರಡು ಕಿತ್ತಳೆ ಬೆಲ್ಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಚೀಟಿಯ ಮೇಲಿನ ಸಂಖ್ಯೆಯನ್ನು ಹತ್ತಿರ ಹಿಡಿದು ಓದಿಕೊಂಡು, ಅದೇ ಸಂಖ್ಯೆಯ ಗೂಟಕ್ಕೆ ತೂಗುಹಾಕಿದರು. ಅವರಿಗೆ ಬರೆಯಲು ಅಷ್ಟಾಗಿ ಬರುವುದಿಲ್ಲ. ವಹಿಯನ್ನು ನನ್ನತ್ತ ಸರಿಸಿ, “ನಾನು ಹೇಳುತ್ತೇನೆ, ನೀವು ಬರೆಯಿರಿ ಸಾಹೇಬರೇ” ಎಂದು ಮೊದಲ ಬೆಲ್ಟಿನ ಸಂಖ್ಯೆ ಹೇಳತೊಡಗಿದರು.